ತಪ್ಪು ಉತ್ತರದ ಒಳಗಿನ ಲೆಕ್ಕ

‘ಇಪ್ಪತ್ತಮೂರು ಬರಿ’ ಎಂದರೆ 32 ಎಂದು ಬರೆಯುವ ಮಕ್ಕಳು ಮುಂಬಯಿಯ ಕನ್ನಡ ಶಾಲೆಯ ನನ್ನ ತರಗತಿಗೆ ಪ್ರತಿ ಜೂನ್‌ನಲ್ಲೂ ಬರುತ್ತಾರೆ. ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ಮುಂದಿನ ಪಟ್ಟಿಗೆ ಹೋಗಿಬಿಡಬಹುದು. ಅದರ ಬದಲು ಮಗುವಿನ ಪಕ್ಕ ಕೂತು, ‘ಬಾಯಲ್ಲಿ ಹೇಳ್ತಾ ಹೇಳ್ತಾ ಬರಿ ನೋಡೋಣ’ ಎಂದರೆ ಅದು ಮೆಲ್ಲಗೆ ‘ತೇವೀಸ್’ ಅನ್ನುತ್ತದೆ. ‘ತೇ’ ಅನ್ನುವಾಗ ಮೂರು ಬರೆಯುತ್ತದೆ, ‘ವೀಸ್’ ಅನ್ನುವಾಗ ಎರಡು. ನಾನು ಹೇಳಿದ್ದು ಕನ್ನಡದಲ್ಲಿ. ಮಗು ಅದನ್ನು ಮನಸ್ಸಿನಲ್ಲೇ ಮರಾಠಿಗೆ ತಿರುಗಿಸಿ, ಕೇಳಿಸಿದ ಕ್ರಮದಲ್ಲೇ ಕಾಗದದ ಮೇಲೆ ಇಳಿಸಿದೆ. ಅದು ಬರೆದದ್ದರಲ್ಲಿ ಎಲ್ಲೂ ಉಡಾಫೆ ಇಲ್ಲ.

ಮರಾಠಿಯಲ್ಲಿ, ಹಿಂದಿಯಲ್ಲಿ ಕೂಡ, ಇಪ್ಪತ್ತರ ಮೇಲಿನ ಸಂಖ್ಯೆಗಳಲ್ಲಿ ಬಿಡಿ ಮೊದಲು ಬರುತ್ತದೆ, ಹತ್ತು ಆಮೇಲೆ. ಇಪ್ಪತ್ತೊಂಬತ್ತಕ್ಕೆ ‘ಏಕೋಣತೀಸ್’, ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. ನಮ್ಮಲ್ಲಿ ಬಾಯಲ್ಲಿ ಹೇಳುವ ಕ್ರಮವೇ ಬರೆಯುವ ಕ್ರಮ: ಇಪ್ಪತ್ತು, ಆಮೇಲೆ ಮೂರು. ಹದಿಮೂರರಲ್ಲೂ ಹತ್ತೇ ಮುಂದೆ. ಹಾಗಾಗಿ ಕನ್ನಡದ ಮಗುವಿಗೆ ಈ ತೊಡಕು ಬರಬಾರದು. ಆದರೆ ಮುಂಬಯಿಯ ಕನ್ನಡದ ಮಗು ಎಣಿಕೆ ಕಲಿಯುವುದು ಮೊದಲು ಗಲ್ಲಿಯಲ್ಲಿ. ಕಣ್ಣಾಮುಚ್ಚಾಲೆ ಆಡುವಾಗ, ಕಿರಾಣಿ ಅಂಗಡಿಯಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ ಅದು ಕೇಳಿದ್ದು ಮರಾಠಿಯ, ಹಿಂದಿಯ ಸಂಖ್ಯೆಗಳನ್ನು. ಶಾಲೆಗೆ ಬರುವಾಗ ಆ ಎಣಿಕೆ ಅದರ ತಲೆಯಲ್ಲಿ ಆಗಲೇ ಕೂತಿರುತ್ತದೆ.

2019ರ ಜೂನ್‌ನಲ್ಲಿ ಇದೇ ವಿಷಯ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವಾಯಿತು. ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’ (ಇಪ್ಪತ್ತು ಒಂದು), ‘ತೀಸ್ ದೋನ್’ (ಮೂವತ್ತು ಎರಡು) ಎಂದು ಓದುವ ಪದ್ಧತಿಯನ್ನೂ ಸೇರಿಸಿತ್ತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿಕೊಂಡರು. ಮಕ್ಕಳಿಗೆ ಸ್ಥಾನಬೆಲೆ ಅರ್ಥವಾಗಲು ಸುಲಭ ಎಂಬುದು ಅವರ ಪಕ್ಷದ ವಾದ. ಮರಾಠಿಯ ಸೊಗಸು ಹೋಗುತ್ತದೆ ಎಂದು ಹಲವರು ಸಿಟ್ಟಾದರು, ವಿಧಾನಸಭೆಯಲ್ಲೂ ಮಾತಾಯಿತು. ಇನ್ನೊಂದು ಭಾಷೆಯ ಮನೆಯೊಳಗಿನ ಜಗಳದಲ್ಲಿ ನಾನು ತೀರ್ಪು ಹೇಳುವುದು ಸಲ್ಲದು. ಆದರೂ ಒಂದು ಸಂತೋಷ ಆಗಿತ್ತು. ಎರಡನೆಯ ತರಗತಿಯ ಮಗುವಿನ ಪೆನ್ಸಿಲ್ ಎಲ್ಲಿ ತಡವರಿಸುತ್ತದೆ ಎಂಬುದನ್ನು ದೊಡ್ಡವರು ಅಷ್ಟು ದಿನ ಕೂತು ಚರ್ಚಿಸಿದರಲ್ಲ, ಅದು ಅಪರೂಪ.

ನಮ್ಮ ಕೋಣೆಯಲ್ಲಿ ಇದಕ್ಕೆ ಇರುವ ಮದ್ದು ಐಸ್‌ಕ್ರೀಂ ಕಡ್ಡಿ ಮತ್ತು ರಬ್ಬರ್ ಬ್ಯಾಂಡ್. ಹತ್ತು ಕಡ್ಡಿಯ ಕಟ್ಟು ಎಡಗಡೆ, ಬಿಡಿ ಕಡ್ಡಿ ಬಲಗಡೆ. ಕಟ್ಟನ್ನು ಮುಟ್ಟಿ ‘ಇಪ್ಪತ್ತು’, ಬಿಡಿಯನ್ನು ಮುಟ್ಟಿ ‘ಮೂರು’. ಆಮೇಲೆ ಅದೇ ಕಡ್ಡಿಗಳನ್ನು ಮುಟ್ಟಿ ‘ತೇವೀಸ್’ ಎಂದೂ ಹೇಳಿಸುತ್ತೇನೆ. ಆಗ ಕೈ ಬಲದಿಂದ ಎಡಕ್ಕೆ ಹೋಗುತ್ತದೆ. ಮರಾಠಿ ಎಣಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದು ಮಗುವಿಗೆ ಹೇಳಿದರೆ ಅದು ಹೊರಗೆ ಉಳಿಯುವುದೂ ಇಲ್ಲ, ಒಳಗೆ ಧೈರ್ಯವಾಗಿ ಬರುವುದೂ ಇಲ್ಲ. ಗುಟ್ಟಾಗಿ ಒಳಗೇ ಕೂತು ತಪ್ಪು ಮಾಡಿಸುತ್ತದೆ. ಎರಡನ್ನೂ ಮೇಜಿನ ಮೇಲೆ ಇಟ್ಟರೆ ಯಾವುದು ಯಾವ ದಿಕ್ಕಿಗೆ ಓಡುತ್ತದೆ ಎಂದು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ.

*

ನಮ್ಮದು ಪಾಲಿಕೆಯ ಕನ್ನಡ ಶಾಲೆ. ಮುಂಬಯಿ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು, ಕನ್ನಡ. ಒಂದೇ ಕಟ್ಟಡದಲ್ಲಿ ಮಹಡಿಗೊಂದು ಮಾಧ್ಯಮ ಇರುವುದು ಇಲ್ಲಿ ಮಾಮೂಲು. ಕೆಳಗಿನ ಮಹಡಿಯಲ್ಲಿ ಮರಾಠಿ ಮಗ್ಗಿ ಶುರುವಾದರೆ ನಮ್ಮ ಮಕ್ಕಳ ತುಟಿಯೂ ಅಲ್ಲಾಡುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾದ್ದರಿಂದ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ.

ನನ್ನ ಹಿಂದಿನ ತಲೆಮಾರಿನ ಶಿಕ್ಷಕಿಯರ ಮುಂದೆ ಕೂತಿದ್ದವರು ಬಹುಪಾಲು ಉಡುಪಿ, ಮಂಗಳೂರು ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರ ಮಕ್ಕಳು. ಹಗಲೆಲ್ಲ ಟೇಬಲ್ ಒರೆಸಿ ರಾತ್ರಿ ಓದಿದ ಹುಡುಗರಿಗಾಗಿ ಈ ಊರಿನಲ್ಲಿ ಕನ್ನಡದ ರಾತ್ರಿಶಾಲೆಗಳೇ ಇದ್ದವು. 1902ರಲ್ಲಿ ಶುರುವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವನ್ನು ನಡೆಸಿದವು. ಆ ಕುಟುಂಬಗಳ ಮೊಮ್ಮಕ್ಕಳು ಈಗ ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ಇವತ್ತು ನನ್ನ ಮುಂದೆ ಇರುವವರು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ಅವರಲ್ಲಿ ತಾಂಡಾದ ಮಕ್ಕಳೂ ಇದ್ದಾರೆ. ಆ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ಗಲ್ಲಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ. ಅವರ ಲೆಕ್ಕದಲ್ಲಿ ಕನ್ನಡ ನಾಲ್ಕನೆಯದು. ‘ಮಾತೃಭಾಷೆಯ ಶಾಲೆ’ ಎಂದು ಭಾಷಣಗಳಲ್ಲಿ ನಮ್ಮನ್ನು ಕರೆಯುವಾಗ ನನಗೆ ಈ ಮಕ್ಕಳ ಮುಖ ನೆನಪಾಗುತ್ತದೆ. ಅವರ ತಪ್ಪುಗಳನ್ನು ಓದಲು ಕನ್ನಡ ವ್ಯಾಕರಣ ಗೊತ್ತಿದ್ದರೆ ಸಾಲದು.

ಬರವಣಿಗೆಯಲ್ಲೂ ಹಾಗೆ. ಅಕ್ಷರಗಳ ನೆತ್ತಿಯ ಮೇಲೆ ಸಾಲುದ್ದಕ್ಕೂ ಗೆರೆ ಎಳೆಯುವ ಮಕ್ಕಳಿದ್ದಾರೆ. ಕನ್ನಡದ ಅಕ್ಷರಗಳನ್ನೆಲ್ಲ ಸರಿಯಾಗಿ ಬರೆದು, ಕೊನೆಗೆ ಮರಾಠಿಯಂತೆ ಮೇಲಿನಿಂದ ಒಂದು ಗೆರೆ. ಇದನ್ನು ಬಿಡಿಸಲು ಹೆಚ್ಚು ದಿನ ಬೇಡ. ನಮ್ಮ ಅಕ್ಷರಗಳಿಗೆ ತಲೆಕಟ್ಟು ಒಂದೊಂದಕ್ಕೂ ಬೇರೆ, ಅವರದಕ್ಕೆ ಎಲ್ಲ ಸೇರಿ ಒಂದು ಎಂದು ಎರಡೂ ಪಕ್ಕಪಕ್ಕ ಬರೆದು ತೋರಿಸಿದರೆ ಸಾಕು.

ಹೆಚ್ಚು ಕಾಲ ಹಿಡಿಯುವುದು ಎ–ಏ, ಒ–ಓ. ಮರಾಠಿ ಬರವಣಿಗೆಯಲ್ಲಿ ಈ ಹ್ರಸ್ವ–ದೀರ್ಘ ಭೇದ ಇಲ್ಲ, ಒಂದೇ ಏ, ಒಂದೇ ಓ. ಹಾಗಾಗಿ ‘ಕೆರೆ’ ಎಂದು ಹೇಳಿ ಬರೆಸಿದರೆ ‘ಕೇರೇ’ ಬರುತ್ತದೆ. ಇದು ಕಿವಿಯ ತೊಡಕು. ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಕಿವಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಹ್ರಸ್ವಕ್ಕೆ ತಟ್ಟಿ ಕೈ ಬಿಡಿಸಬೇಕು, ದೀರ್ಘಕ್ಕೆ ತಟ್ಟಿ ಕೈ ಜೋಡಿಸಿಯೇ ಇಟ್ಟುಕೊಳ್ಳಬೇಕು. ಕೆರೆ, ಕೇರೆ. ಒಲೆ, ಓಲೆ. ಕೆರೆಯ ಚಿತ್ರ ಒಂದು ಗೋಡೆಗೆ, ಕೇರೆ ಹಾವಿನ ಚಿತ್ರ ಎದುರು ಗೋಡೆಗೆ. ನಾನು ಹೇಳಿದ್ದು ಕೇಳಿ ಆ ಕಡೆ ಓಡಬೇಕು. ಹಾವಿನ ಗೋಡೆಗೆ ಓಡುವ ಆಸೆಯಲ್ಲಿ ಮೊದಲು ಎಲ್ಲರೂ ತಪ್ಪಾಗಿಯೇ ಓಡುತ್ತಾರೆ. ಆಟ ಮುಂದುವರಿದಂತೆ ಕಿವಿ ಚುರುಕಾಗುತ್ತದೆ. ಇದೇ ಆಟದಲ್ಲಿ ಒಂದನೆಯ ತರಗತಿಯ ಒಬ್ಬಳು ತಾಂಡಾದ ಹುಡುಗಿ ಮೂರನೆಯ ತರಗತಿಯವರನ್ನು ಹಿಂದೆ ಹಾಕಿದಳು. ಅವಳು ಪ್ರತಿ ಪದವನ್ನೂ ಹೊಸದಾಗಿ ಕೇಳುತ್ತಿದ್ದಳು, ಉಳಿದವರು ಗೊತ್ತಿದೆ ಎಂದುಕೊಂಡು ಅರ್ಧ ಕೇಳಿ ಓಡುತ್ತಿದ್ದರು.

*

ತರಗತಿಯಲ್ಲಿ ನಾನು ಅತಿ ಹೆಚ್ಚು ಸಲ ಆಡುವ ಮಾತು ‘ಹೇಗೆ ಮಾಡಿದೆ?’ ಉತ್ತರ ಸರಿ ಇದ್ದರೂ ಇದನ್ನು ಕೇಳುತ್ತೇನೆ. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳು ಜಾಣರು, ಪ್ರಶ್ನೆ ಕಿವಿಗೆ ಬಿದ್ದ ತಕ್ಷಣ ರಬ್ಬರ್ ಹುಡುಕುತ್ತಾರೆ. ಸರಿ ಉತ್ತರಕ್ಕೂ ಕೇಳುತ್ತಾ ಹೋದರೆ ಅದೊಂದು ಮಾಮೂಲು ಮಾತಾಗಿ, ಮಗು ನಿಜ ಹೇಳುತ್ತದೆ. ಸರಿ ಉತ್ತರದ ಹಿಂದೆಯೂ ಕೆಲವೊಮ್ಮೆ ಎಡವಟ್ಟಾದ ದಾರಿ ಇರುತ್ತದೆ ಎಂಬುದು ಹೀಗೆ ಕೇಳಿದಾಗಲೇ ತಿಳಿಯುವುದು.

‘ನಾನೂರ ಮೂರು’ ಎಂದರೆ 4003. ಇದನ್ನು ಕಂಡರೆ ನನಗೆ ಪ್ರೀತಿ ಉಕ್ಕುತ್ತದೆ. ನಾನೂರಕ್ಕೆ 400, ಮೂರಕ್ಕೆ 3, ಕೇಳಿದ್ದನ್ನು ಕೇಳಿದಂತೆ ಜೋಡಿಸಿದ್ದಾನೆ ಹುಡುಗ. ಸೊನ್ನೆ ಜಾಗ ಕಾಯುವುದಕ್ಕೆ ಕೂತಿದೆ, ಬಿಡಿ ಬಂದರೆ ಅದು ಎದ್ದು ಜಾಗ ಬಿಡಬೇಕು ಎಂಬುದು ಅವನಿಗೆ ಇನ್ನೂ ಗೊತ್ತಿಲ್ಲ. 400 ಎಂದು ಬರೆದ ಉದ್ದ ಚೀಟಿಯ ಮೇಲೆ ಕೊನೆಯ ಸೊನ್ನೆಯನ್ನು ಮುಚ್ಚುವಂತೆ 3 ಎಂದು ಬರೆದ ಚಿಕ್ಕ ಚೀಟಿ ಇಡಿಸುತ್ತೇನೆ. ಚೀಟಿ ಎತ್ತಿದರೆ ಸೊನ್ನೆ ಕಾಣುತ್ತದೆ, ಇಟ್ಟರೆ ಮರೆಯಾಗುತ್ತದೆ. ಎತ್ತಿ ಇಟ್ಟು ಎತ್ತಿ ಇಟ್ಟು ಅವನಿಗೇ ನಗು ಬರುತ್ತದೆ.

ಕಳೆಯುವ ಲೆಕ್ಕದ ಕತೆ ಇನ್ನೂ ಆಳ. 42ರಿಂದ 17 ಕಳೆದರೆ 35 ಎಂದು ಬರೆಯುವ ಮಕ್ಕಳು ಎಲ್ಲ ಶಾಲೆಗಳಲ್ಲೂ ಇದ್ದಾರೆ, ಎಲ್ಲ ಭಾಷೆಗಳಲ್ಲೂ ಇದ್ದಾರೆ. ಎರಡರಿಂದ ಏಳು ಹೋಗದು, ಹಾಗಾಗಿ ಏಳರಿಂದ ಎರಡು ಕಳೆದು ಐದು. ನಾಲ್ಕರಿಂದ ಒಂದು ಹೋದರೆ ಮೂರು. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಒಂದನೆಯ ತರಗತಿಯಲ್ಲಿ ಎಲ್ಲ ಕಡೆ ಹೇಳಿಕೊಡುವ ಮಾತನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಕೂಡುವಾಗ ಹಿಂದುಮುಂದಾದರೂ ನಡೆಯಿತಲ್ಲ, ಇಲ್ಲೂ ನಡೆಯುತ್ತದೆ ಎಂಬ ನಂಬಿಕೆ ಬೇರೆ.

ನಾಲ್ಕನೆಯ ತರಗತಿಯ ಒಬ್ಬಳು ಹುಡುಗಿ ಸಂಜೆ ಸ್ಟೇಷನ್ ಹೊರಗೆ ಅಜ್ಜಿಯ ಜೊತೆ ಸೊಪ್ಪು ಮಾರಲು ಕೂರುತ್ತಾಳೆ. ಅವಳ ಪಟ್ಟಿಯಲ್ಲಿ 100ರಿಂದ 45 ಕಳೆದ ಉತ್ತರ 145 ಎಂದಿತ್ತು. ನಾನು ಪಟ್ಟಿಯನ್ನು ಮುಚ್ಚಿ ಕೇಳಿದೆ: ‘ಕೊತ್ತಂಬರಿ ಕಟ್ಟು ಹದಿನೈದು ರೂಪಾಯಿ. ಮೂರು ಕಟ್ಟು ತಗೊಂಡು ನೂರರ ನೋಟು ಕೊಟ್ಟೆ. ಎಷ್ಟು ವಾಪಸ್ ಕೊಡ್ತೀ?’

‘ಐವತ್ತೈದು, ಟೀಚರ್.’ ಯೋಚಿಸಿದ್ದೇ ಕಾಣಲಿಲ್ಲ.

‘ಹೇಗೆ ಬಂತು?’

‘ನಲವತ್ತೈದು ಆತಲ್ರೀ. ಐದು ಕೊಟ್ರ ಐವತ್ತು, ಮ್ಯಾಲೆ ಐವತ್ತರ ನೋಟು ಒಂದು ಕೊಟ್ರ ನೂರು.’

ಪಟ್ಟಿ ತೆರೆದು ತೋರಿಸಿದೆ. ನೋಡಿದಳು, ಬಾಯಿಗೆ ಕೈ ಹಿಡಿದಳು. ‘ಗಿರಾಕಿ ನೂರು ಕೊಟ್ಟು ನೂರಾ ನಲವತ್ತೈದು ಒಯ್ತಾನ!’ ಇಡೀ ಕೋಣೆ ನಕ್ಕಿತು, ಅವಳೂ ನಕ್ಕಳು. ಅವಳ ಆ ಸಂಜೆಯ ಲೆಕ್ಕವನ್ನು ಹಲಗೆಯ ಮೇಲೆ ಒಂದು ಗೆರೆ ಎಳೆದು ಬರೆದೆವು. 45ರಿಂದ ಐದು ಹೆಜ್ಜೆ ಹಾರಿ 50, ಅಲ್ಲಿಂದ ಐವತ್ತು ಹಾರಿ 100. ಹಾರಿದ ಹೆಜ್ಜೆಗಳನ್ನು ಕೂಡಿದರೆ ಉತ್ತರ. ಆಮೇಲೆ ಪುಸ್ತಕದ ರೀತಿಯಲ್ಲಿ ಕಡ್ಡಿ ಕಟ್ಟು ಬಿಚ್ಚಿ ಅದೇ ಲೆಕ್ಕವನ್ನು ಮಾಡಿದೆವು. ಎರಡೂ ಕಡೆ ಐವತ್ತೈದು ಬಂದಾಗ ಅವಳು ಕೇಳಿದ್ದು, ‘ಹಂಗಾದ್ರ ಪರೀಕ್ಷೆದಾಗ ನಂದು ಬರೀಲಾ, ಬುಕ್ಕಿಂದು ಬರೀಲಾ?’ ಎರಡನ್ನೂ ಬರೆ, ನಿನ್ನದರಿಂದ ಪುಸ್ತಕದ್ದನ್ನು ಪರೀಕ್ಷೆ ಮಾಡು ಎಂದೆ.

ಇದು ನಮ್ಮ ಕೋಣೆಯ ವಿಚಿತ್ರವೇನಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಗಾಡಿಯ ಮುಂದೆ ನಿಂತು ಕೇಳಿದಾಗ ಅವರ ಉತ್ತರಗಳಲ್ಲಿ ನೂರಕ್ಕೆ 98 ಸರಿ. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ ಸುಮಾರು 37. ನಮ್ಮದೇ ದೇಶದ ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದೇ ಕಂದಕವನ್ನು ಕಂಡಿತು. ಅದರ ಇನ್ನೊಂದು ಪಾಲು ನನಗೆ ಹೆಚ್ಚು ಮುಖ್ಯ. ಶಾಲೆಯ ಲೆಕ್ಕದಲ್ಲಿ ಚುರುಕಾದ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕಷ್ಟವಾಯಿತು. ಸೇತುವೆ ಎರಡೂ ದಡದಿಂದ ಬೇಕು. ಇಲ್ಲೇ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ಧಾರಾವಿಯ ಮಕ್ಕಳ ಜೊತೆ ಕೂತು, ಹೊಲಿಗೆ, ಚರ್ಮ, ಜರಿ ಕೆಲಸದ ನಡುವೆ ಅವರು ಕಲಿತ ಅಳತೆ, ಲೆಕ್ಕಗಳನ್ನು ದಾಖಲಿಸಿದ್ದಾರೆ. ಅದು ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಇನ್ನಷ್ಟು ಕಾಣಿಸಿಕೊಳ್ಳಬೇಕು ಎಂದು ನನ್ನ ಆಸೆ.

ಮಕ್ಕಳು ದುಡಿಯುವುದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಆ ಹುಡುಗಿ ಸಂಜೆ ಆಟವಾಡಿಕೊಂಡಿದ್ದರೆ ನನಗೆ ಹೆಚ್ಚು ಸಂತೋಷ. ಆದರೆ ಅವಳ ಸಂಜೆ ಹೇಗೂ ಹಾಗೆ ಕಳೆಯುತ್ತಿರುವಾಗ, ಅಲ್ಲಿ ಅವಳು ಗಳಿಸಿದ ಬುದ್ಧಿಗೆ ಬೆಳಗ್ಗೆ ಪಟ್ಟಿಯಲ್ಲಿ ಜಾಗವೇ ಇಲ್ಲದಿದ್ದರೆ ಅದು ಎರಡನೆಯ ಅನ್ಯಾಯ.

*

ಹೀಗೆ ಒಂದೊಂದು ಮಗುವಿನ ಪಕ್ಕ ಕೂರಲು ಹೊತ್ತೆಲ್ಲಿದೆ ಎಂದು ಜೊತೆಯ ಶಿಕ್ಷಕಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2021ರ ಜುಲೈನಲ್ಲಿ ಶುರುವಾದ ‘ನಿಪುಣ ಭಾರತ’ ಯೋಜನೆಯ ಗುರಿ, ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಗಟ್ಟಿಯಾಗಿರಬೇಕು ಎಂಬುದು. ಗುರಿ ನನಗೆ ಪೂರ್ತಿ ಒಪ್ಪಿಗೆ. ಅದರ ಬೆನ್ನಿಗೆ ಬರುವ ನಮೂನೆಗಳನ್ನು ತುಂಬಲು ಹೋಗುವ ಹೊತ್ತು ಮಾತ್ರ ಮಗುವಿನ ಪಕ್ಕ ಕೂರುವ ಹೊತ್ತಿನಿಂದಲೇ ಕಿತ್ತುಕೊಳ್ಳಬೇಕಾದದ್ದು. ನಾಲ್ಕು ತರಗತಿ ಒಟ್ಟಿಗೆ ಇರುವುದು ಇಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಚಿಕ್ಕವರು ಕಡ್ಡಿ ಕಟ್ಟುತ್ತಿರುವಾಗ ದೊಡ್ಡವರು ಒಬ್ಬರಿಗೊಬ್ಬರು ‘ಹೇಗೆ ಮಾಡಿದೆ?’ ಕೇಳಿಕೊಳ್ಳುತ್ತಾರೆ, ನನ್ನ ದನಿಯಲ್ಲೇ.

ಪಠ್ಯಪುಸ್ತಕಗಳಲ್ಲಿ ಪಾಠದ ನಡುವೆ ಟಿಪ್ಪಣಿಗೆಂದು ಖಾಲಿ ಪುಟಗಳನ್ನು ಸೇರಿಸುವ ಒಂದು ಪ್ರಯೋಗ ಮಹಾರಾಷ್ಟ್ರದಲ್ಲಿ 2023ರಲ್ಲಿ ಬಂದು, ಎರಡು ವರ್ಷದಲ್ಲಿ ನಿಂತುಹೋಯಿತು. ನನಗೆ ಆ ಪುಟಗಳು ಇಷ್ಟವಾಗಿದ್ದವು. ಅಚ್ಚಾದ ಲೆಕ್ಕದ ಎದುರು ಪುಟದಲ್ಲೇ ಮಗುವಿನ ಓರೆಕೋರೆ ಲೆಕ್ಕ ಇರುವುದು ನೋಡಲು ಚೆಂದ.

ಊಟದ ಹೊತ್ತೂ ನಮಗೆ ಪಾಠವೇ. ಮಧ್ಯಾಹ್ನದ ಊಟ ಹೊರಗೆ ಬೆಂದು ಡಬ್ಬಗಳಲ್ಲಿ ಬರುತ್ತದೆ. ಐದನೆಯ ತರಗತಿಯವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಎಂದು ನಿಯಮ. ಬೆಳಗ್ಗೆ ಹಾಜರಿ ಕೂಗಿದ ಮೇಲೆ, ಇವತ್ತು ನಮ್ಮ ಪಾಲಿನ ಅಕ್ಕಿ ಎಷ್ಟು, ಬೇಳೆ ಎಷ್ಟು ಎಂದು ಮೂರನೆಯ ತರಗತಿಯವರು ಹಲಗೆಯ ಮೂಲೆಯಲ್ಲಿ ಬರೆಯುತ್ತಾರೆ. 27 ಮಕ್ಕಳಿದ್ದರೆ 2 ಕಿಲೋ 700 ಗ್ರಾಂ ಅಕ್ಕಿ, 540 ಗ್ರಾಂ ಬೇಳೆ. ಅಕ್ಕಿಯ ಲೆಕ್ಕ ಬೇಗ ಬರುತ್ತದೆ, ಬೇಳೆಯದು ತಡ. ಇಪ್ಪತ್ತರಿಂದ ಗುಣಿಸುವುದನ್ನು ಎರಡರಿಂದ ಗುಣಿಸಿ ಸೊನ್ನೆ ಹಾಕುವ ಉಪಾಯವಾಗಿ ಕಂಡುಕೊಂಡದ್ದು ಅವರೇ.

*

ಮುಂಬಯಿಯ ಶಾಲೆ ಮಳೆಯ ಜೊತೆಗೇ ತೆರೆಯುತ್ತದೆ. ಜೂನ್ ನಡುವೆ ಹೊಸ ಪುಸ್ತಕ, ಒದ್ದೆ ಚೀಲ, ಬಾಗಿಲ ಬಳಿ ಕೊಡೆಗಳ ಸಾಲು. ಹಾಗಾಗಿ ನಮ್ಮ ವಿಜ್ಞಾನ ಮಳೆಯಿಂದಲೇ ಶುರು. ಪತ್ರಿಕೆಯಲ್ಲಿ ‘ಸಾಂತಾಕ್ರೂಜ್‌ನಲ್ಲಿ ಇಷ್ಟು ಮಿಲಿಮೀಟರ್, ಕೊಲಾಬಾದಲ್ಲಿ ಇಷ್ಟು’ ಎಂದು ಬರುತ್ತದಲ್ಲ, ಅದು ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗಿನ ಲೆಕ್ಕ. ನಾವೂ ಗಚ್ಚಿಯ ಮೇಲೆ ಡಬ್ಬ ಇಟ್ಟು ಅಳೆಯೋಣ ಎಂದಾಗ ಮೊದಲ ಜಗಳ ಡಬ್ಬದ್ದೇ. ದೊಡ್ಡ ಟಬ್ ಇಡಬೇಕು, ಅದರಲ್ಲಿ ಹೆಚ್ಚು ಮಳೆ ಬೀಳುತ್ತದೆ ಎಂದು ಒಂದು ಪಂಗಡ. ಚಿಕ್ಕ ಡಬ್ಬ ಬೇಗ ತುಂಬುತ್ತದೆ ಎಂದು ಇನ್ನೊಂದು ಪಂಗಡ. ಎರಡೂ ಮಾತಿನಲ್ಲಿ ತರ್ಕ ಇದೆ. ನಾನು ಏನೂ ಹೇಳಲಿಲ್ಲ. ನೆಟ್ಟಗಿನ ಗೋಡೆಯ ಒಂದು ಅಗಲ ಪಾತ್ರೆ, ಒಂದು ಚಿಕ್ಕ ಡಬ್ಬ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಮಧ್ಯಾಹ್ನ ಅಳತೆಪಟ್ಟಿ ಇಳಿಸಿದರೆ ಎರಡರಲ್ಲೂ ನೀರಿನ ಎತ್ತರ ಒಂದೇ! ಮಕ್ಕಳು ನಂಬಲಿಲ್ಲ. ಅಳತೆಪಟ್ಟಿ ಬದಲಾಯಿಸಿದರು, ಅಳೆಯುವವರನ್ನು ಬದಲಾಯಿಸಿದರು, ಡಬ್ಬಗಳ ಜಾಗವನ್ನೂ ಅದಲುಬದಲು ಮಾಡಿದರು. ಕೊನೆಗೆ ಎರಡನೆಯ ತರಗತಿಯ ಹುಡುಗ ಅಂದ, ‘ದೊಡ್ಡದರಾಗ ಜಾಸ್ತಿ ಬೀಳತದ, ಆದ್ರ ಜಾಸ್ತಿ ಜಾಗಾಕ್ಕ ಹಂಚಿ ಹೋಗತದ.’ ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಅಲ್ಲಿಂದ ನಾವು 2005ರ ಜುಲೈ 26ಕ್ಕೆ ಹೋದೆವು. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್. ಮಕ್ಕಳು ಆಗ ಹುಟ್ಟಿರಲಿಲ್ಲ, ಊರಿನಲ್ಲಿದ್ದ ಅವರ ಅಪ್ಪ ಅಮ್ಮ ಚಿಕ್ಕವರು. ಅಂಕಿ ಓದಿ ಹೇಳಿದರೆ ಯಾರಿಗೂ ಏನೂ ಅನಿಸಲಿಲ್ಲ. ನೆಲದಿಂದ ಗೋಡೆಯ ಮೇಲೆ ಟೇಪು ಹಿಡಿದು 944ಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಒಬ್ಬೊಬ್ಬರಾಗಿ ಬಂದು ನಿಂತರು. ಒಂದನೆಯ ತರಗತಿಯವರಿಗೆ ಕುತ್ತಿಗೆ ಹತ್ತಿರ, ನಾಲ್ಕನೆಯವರಿಗೆ ಎದೆಯ ಬಳಿ. ‘ಎಲ್ಲೂ ಹರಿದು ಹೋಗದಿದ್ದರ ಇಷ್ಟು ನಿಲ್ತಿತ್ತಾ ಟೀಚರ್?’ ಹೌದು. ‘ಹರಿದು ಬಂದು ತಗ್ಗಿನಾಗ ಸೇರಿದ್ರ ಇದಕ್ಕಿಂತ ಮ್ಯಾಲೆ?’ ಅದೂ ಹೌದು. ಅದೇ ದಿನ ಕೊಲಾಬಾದಲ್ಲಿ 75ಕ್ಕೂ ಕಡಿಮೆ. ಆ ಗೆರೆಯನ್ನೂ ಎಳೆದೆವು, ಕಣಕಾಲಿನ ಹತ್ತಿರ. ಒಂದೇ ಊರು, ಒಂದೇ ದಿನ, ಎರಡು ಗೆರೆ. ಮಕ್ಕಳು ಆಮೇಲೆ ತುಂಬ ಹೊತ್ತು ಅಲ್ಲಿ ಕೂತು ಬೆಟ್ಟ, ಗಾಳಿ, ಸಮುದ್ರ ಎಂದು ತಮಗೆ ತೋಚಿದ ಕಾರಣ ಹೇಳುತ್ತಾ ಇದ್ದರು. ಆ ಗೆರೆಗಳನ್ನು ನಾನು ಅಳಿಸಿಲ್ಲ.

*

ಪಶ್ಚಿಮ ರೈಲ್ವೆಯ ಹಾದಿಯಲ್ಲಿ ಉತ್ತರಕ್ಕೆ, ಡಹಾಣೂ ಆಚೆ ಬೋರ್ಡಿ ಎಂಬ ಕಡಲ ತಡಿಯ ಊರಿದೆ. 1945ರಲ್ಲಿ ತಾರಾಬಾಯಿ ಮೋಡಕ್ ಅಲ್ಲಿ ಶಿಶುಶಿಕ್ಷಣದ ಕೆಲಸ ಶುರು ಮಾಡಿದರು, ಅನುತಾಯಿ ವಾಘ್ ಅವರ ಜೊತೆಗಾದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ಯುವುದು, ಸುತ್ತ ಸಿಗುವ ಕಲ್ಲು, ಎಲೆ, ಬೀಜಗಳಿಂದ ಕಲಿಸುವುದು ಅವರ ರೀತಿ. ನನಗೆ ಅಂಗಳಕ್ಕೆ ಹೋಗುವ ಅನುಕೂಲ ಇಲ್ಲ, ಮಕ್ಕಳ ಅಂಗಳಗಳು ಕಟ್ಟಡದಿಂದ ಕಟ್ಟಡಕ್ಕೆ ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಅಂಗಳದವರನ್ನೇ ಕೋಣೆಗೆ ಕರೆಯುತ್ತೇನೆ.

ಪಾಲಕರ ಸಭೆಯಲ್ಲಿ ತಾಯಂದಿರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ನಮಗ ಓದಾಕ ಬರಂಗಿಲ್ರೀ ಟೀಚರ್, ಮನ್ಯಾಗ ನಾವೇನ್ ಹೇಳಿಕೊಡಬೇಕು?’ ಈ ಸಲ ಯಾದಗಿರಿ ಕಡೆಯ ಒಬ್ಬ ತಾಯಿಗೆ ನಾನು, ‘ನಿಮ್ಮ ಕೆಲಸದಲ್ಲಿ ಅಳತೆ ಏನೇನು ಬರುತ್ತದೋ ಅದನ್ನೇ ಬಂದು ಹೇಳಿ’ ಎಂದೆ. ಅವರು ಗಾರೆ ಕಲಸುವ ಕೆಲಸದಲ್ಲಿದ್ದಾರೆ. ಮೊದಲು ನಾಚಿಕೊಂಡರು. ರಜೆ ಇದ್ದ ದಿನ ಬಂದಾಗ ಜೊತೆಗೆ ಗಾರೆ ಹೊರುವ ಬಾಣಲಿ, ಘಮೇಲಿಯನ್ನೂ ತಂದಿದ್ದರು.

‘ಪ್ಲಾಸ್ಟರಿಗೆ ಒಂದು ಘಮೇಲಿ ಸಿಮೆಂಟಿಗೆ ನಾಕು ಘಮೇಲಿ ಉಸುಕು. ಇಟ್ಟಂಗಿ ಕಟ್ಟಾಕ ಆರು,’ ಎಂದರು. ಮೂರು ಘಮೇಲಿ ಸಿಮೆಂಟಿದ್ದರೆ? ಇಪ್ಪತ್ತು ಘಮೇಲಿ ಉಸುಕಿದ್ದರೆ ಸಿಮೆಂಟೆಷ್ಟು? ಮಕ್ಕಳು ಒಬ್ಬರಿಗಿಂತ ಒಬ್ಬರು ಜೋರಾಗಿ ಉತ್ತರ ಕೂಗಿದರು. ನಾಲ್ಕರ ಮಗ್ಗಿ ಅಷ್ಟು ಉತ್ಸಾಹದಿಂದ ನಮ್ಮ ಕೋಣೆಯಲ್ಲಿ ಎಂದೂ ಕೇಳಿಬಂದಿರಲಿಲ್ಲ. ಆ ತಾಯಿಯ ಮಗನೇ, ಮಾತು ಕಡಿಮೆ ಇರುವ ಹುಡುಗ, ಹಿಂದಿನಿಂದ ಕೇಳಿದ: ‘ಅವ್ವಾ, ಮಳ್ಯಾಗ ಉಸುಕು ತೊಯ್ದಿರತದಲ್ಲ, ಆಗೂ ನಾಕs ಏನು?’

ಅವರು ಮಗನನ್ನೇ ನೋಡಿದರು. ‘ಇಲ್ಲ. ಹಸಿ ಉಸುಕು ಉಬ್ಬತದ. ಅದಕ್ಕ ಮಿಸ್ತ್ರಿ ಮಳಿಗಾಲದಾಗ ಒಂದು ಘಮೇಲಿ ಮ್ಯಾಲೆ ಹಾಕು ಅಂತಾನ.’

ನೀರು ಬಿದ್ದರೆ ಉಸುಕು ಕುಸಿಯಬೇಕಲ್ಲ, ಉಬ್ಬುವುದು ಹೇಗೆ ಎಂದು ವಾದ ಎದ್ದಿತು. ಮರುದಿನ ನೋಡಿಯೇಬಿಡೋಣ ಎಂದು ಕಾಂಪೌಂಡಿನ ಮೂಲೆಯ ಉಸುಕನ್ನು ಪೇಪರಿನ ಮೇಲೆ ಹರಡಿ ಒಣಗಿಸಿದೆವು. ಒಂದು ಡಬ್ಬದ ಕಂಠದವರೆಗೆ ಒಣ ಉಸುಕು ತುಂಬಿ ಹೊರಗೆ ಸುರಿದೆವು, ಸ್ವಲ್ಪವೇ ನೀರು ಚಿಮುಕಿಸಿ ಕಲಸಿ ಮತ್ತೆ ಅದೇ ಡಬ್ಬಕ್ಕೆ ಸಡಿಲವಾಗಿ ತುಂಬಿದೆವು. ಡಬ್ಬ ತುಂಬಿತು, ಇನ್ನೂ ಮುಷ್ಟಿಗಟ್ಟಲೆ ಉಸುಕು ಪೇಪರಿನ ಮೇಲೇ ಉಳಿದಿತ್ತು. ಕಣಗಳ ಸುತ್ತ ಕೂತ ನೀರಿನ ತೆಳುಪದರ ಅವು ಒಂದರೊಳಗೊಂದು ಕೂರದಂತೆ ತಡೆಯುತ್ತದೆ. ‘ಎಲ್ಲ ಕೈಕೈ ಹಿಡ್ಕೊಂಡು ದೂರ ದೂರ ನಿಂತಾವ’ ಎಂದಳು ಸೊಪ್ಪಿನ ಹುಡುಗಿ. ಹಾಗಾದರೆ ಉಳಿದ ಉಸುಕನ್ನೂ ಹಾಕಿ ಪೂರ್ತಿ ಮುಳುಗುವಷ್ಟು ನೀರು ಹಾಕಿದರೆ? ಅಷ್ಟೇ ಅಗಲದ, ಇನ್ನೂ ಎತ್ತರದ ಡಬ್ಬಕ್ಕೆ ಎಲ್ಲವನ್ನೂ ಸುರಿದು, ನೀರು ಹುಯ್ದು, ಕಡ್ಡಿಯಲ್ಲಿ ಕಲಕಿ ಬಿಟ್ಟೆವು. ಉಸುಕು ಕುಸಿದು ಕೆಳಗೆ ಕೂತಿತು. ಒಣಗಿದ್ದಾಗ ಇದ್ದ ಮಟ್ಟಕ್ಕೇ ಹೆಚ್ಚುಕಡಿಮೆ ಬಂದು ನಿಂತಿತು.

ಎಲ್ಲರೂ ಕಂಡದ್ದನ್ನು ಬರೆದರು. ಒಬ್ಬ ಉಸುಕು ಎಂದ, ಒಬ್ಬಳು ರೇತಿ ಎಂದಳು, ಪುಸ್ತಕ ಓದುವವನು ಮರಳು ಎಂದ. ‘ಉಬ್ಬಿತು’ ಎಂಬುದಕ್ಕೆ ಐದಾರು ಕಾಗುಣಿತ. ಒಬ್ಬರ ಬರಹದ ನೆತ್ತಿಗೆ ಗೆರೆಯೂ ಇತ್ತು. ಅವನ್ನು ಆ ದಿನ ತಿದ್ದಲಿಲ್ಲ, ಓದಿಸಿದೆ ಅಷ್ಟೆ.

ಈಗ ಕಟ್ಟಡಗಳಿಗೆ ನದಿಯ ಉಸುಕಿಗಿಂತ ಕಲ್ಲು ಪುಡಿ ಮಾಡಿದ ಕ್ರಶ್ ಬರುವುದೇ ಹೆಚ್ಚು. ಅದೂ ಇಷ್ಟೇ ಉಬ್ಬುತ್ತದೆಯೋ, ಕಡಿಮೆಯೋ ಎಂದು ಮಕ್ಕಳಲ್ಲಿ ಎರಡು ಪಕ್ಷವಾಗಿದೆ. ಆ ತಾಯಿ ಸೈಟಿನಲ್ಲಿ ಕೇಳಿ ಅರ್ಧ ಚೀಲ ಕ್ರಶ್ ತಂದು ನಮ್ಮ ಬೀರುವಿನ ಪಕ್ಕ ಇಟ್ಟುಹೋಗಿದ್ದಾರೆ. ಚೀಲ ಇನ್ನೂ ಹಸಿ ಇದೆ, ಒಣಗಿದ ಮೇಲೆ ಅಳೆಯಬೇಕು.